ಕೇಳಿ ಕೇಳಿ ಕಳೆದುಕೊಂಡ ಹಕ್ಕು

ಕಾನೂನಿನ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ದಾರಿಯೇ ಇಲ್ಲದ ಮನೆಯೊಂದನ್ನು ಕೊಂಡೆ. ಈ ಸಂಗತಿ ನನ್ನ ವಿದ್ಯಾರ್ಥಿಗಳಿಗೆ ಇನ್ನೂ ಗೊತ್ತಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮ ಹೊಟ್ಟೆಯಲ್ಲೇ ಇರಲಿ.

ಮನೆ ಇರುವುದು ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆಗೆ. ಹಿತ್ತಿಲಲ್ಲಿ ನಿಂತರೆ ಆಚೆ ಮಾವಿನಕುರ್ವೆಯ ತೆಂಗಿನಮರಗಳು ಕಾಣುತ್ತವೆ. ನೋಡಲು ಬಂದ ದಿನ ದಲ್ಲಾಳಿ ನಮ್ಮನ್ನು ಟಾರು ರಸ್ತೆಯಿಂದ ಇಳಿಸಿ, ಅಡ್ಡ ಬಿದಿರು ಸರಿಸಿ ದಾಟುವ ಒಂದು ದಣಪೆಯ ಮೂಲಕ ಯಾರದೋ ಅಂಗಳಕ್ಕೆ ಕರೆದೊಯ್ದ. ಅಲ್ಲಿ ಮಲ್ಲಿಗೆ ಗಿಡಗಳ ಸಾಲು, ಒಂದಿಷ್ಟು ಕೋಳಿ, ಮತ್ತು ಅಂಗಳದ ಒಡತಿ ಮಾದೇವಕ್ಕ. ಅವರು ನಮ್ಮನ್ನು ಜಗಲಿಯಲ್ಲಿ ಕೂಡ್ರಿಸಿ ಮುರುಗಲ ಹಣ್ಣಿನ ಪಾನಕ ಕೊಟ್ಟರು. ಕುಡಿದು ಲೋಟ ಇಟ್ಟು ಮುಂದೆ ಹೋದರೆ ನಾವು ಕೊಳ್ಳಬೇಕಾದ ಮನೆ. ಅದರ ಪತ್ರಗಳನ್ನೆಲ್ಲ ಕನ್ನಡಕ ಒರೆಸಿ ಒರೆಸಿ ಓದಿದೆ. ಯಾವುದರಲ್ಲೂ ದಾರಿಯ ಮಾತೇ ಇಲ್ಲ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಕಡೆ ಒಬ್ಬರ ಅಂಗಳ ಹಾಯ್ದೇ ಇನ್ನೊಬ್ಬರ ಮನೆಗೆ ಹೋಗುವುದು. ಬಯಲುಸೀಮೆಯ ವಕೀಲನಾಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದ. ನಾನು ಪಾನಕ ಚೆನ್ನಾಗಿದೆ ಎಂದೆ.

ಹೊಳೆದಂಡೆಯ ಮೇಲೆ ಇನ್ನೊಂದು ಕಾಲುಹಾದಿ ಇದೆ. ಸಮುದ್ರದ ಭರತ ಏರಿದಾಗ ಅದು ನೀರಿನೊಳಗಿರುತ್ತದೆ. ನನ್ನ ಹೆಂಡತಿ ಸಾವಿತ್ರಿಗೆ ಎರಡೂ ಮಂಡಿ ನೋವು; ಅವಳ ಪಾಲಿಗೆ ಅದು ಇಳಿತದಲ್ಲೂ ಇಲ್ಲದ ಹಾದಿಯೇ. ಹೀಗಾಗಿ ಪೇಟೆ, ದವಾಖಾನೆ, ಬಸ್ಸು, ರೈಲು ಎಲ್ಲಕ್ಕೂ ನಮಗಿರುವುದು ಮಾದೇವಕ್ಕನ ಅಂಗಳ ಒಂದೇ.

ಅಂಗಳ ದಾಟುವುದಕ್ಕೊಂದು ಪದ್ಧತಿಯಿದೆ. ದಣಪೆಗೆ ಕೈಹಾಕುತ್ತಲೇ "ದಾಟ್ತೆ ಮಾದೇವಕ್ಕಾ" ಎಂದು ಕೂಗಬೇಕು. ಒಳಗಿಂದ "ಆತು, ದಾಟಿ" ಎಂದು ಬರುತ್ತದೆ. ಉತ್ತರಕ್ಕೆ ಕಾಯಬೇಕೆಂದೇನಿಲ್ಲ, ಅದು ಬರುವಷ್ಟರಲ್ಲಿ ನಾವು ಅರ್ಧ ಅಂಗಳ ದಾಟಿರುತ್ತೇವೆ. ಬೇಡ ಎಂದು ಅವರು ಯಾವತ್ತೂ ಅಂದವರಲ್ಲ. ಆದರೂ ಕೂಗಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ನಾನು ಪಾಠ ಹೇಳುವುದು ಕುಮಟಾದಲ್ಲಿ, ಅದೂ ಮೊದಲ ವರ್ಷದ ಮಕ್ಕಳಿಗೆ. ರೂಢಿ ಎಂದರೇನು, ಕಾಯಿದೆ ಎಂದರೇನು, ಕೈಯಲ್ಲಿರುವುದಕ್ಕೂ ಒಡೆತನಕ್ಕೂ ಏನು ವ್ಯತ್ಯಾಸ, ಇಂಥವು. ಪುಸ್ತಕದ ಉದಾಹರಣೆಗಳು ನಮ್ಮ ಮಕ್ಕಳಿಗೆ ಹತ್ತುವುದಿಲ್ಲ. ಅದಕ್ಕೇ ನಾನು ಬಸ್ಸಿನ ಉದಾಹರಣೆ ಕೊಡುತ್ತೇನೆ. ಭಟ್ಕಳದ ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಒಳಗೆ ಬೀಳುತ್ತದೆ. ಬಸ್ಸು ಸರಕಾರದ್ದು, ಸೀಟೂ ಸರಕಾರದ್ದು, ಟಿಕೇಟು ಇನ್ನೂ ತೆಗೆದಿಲ್ಲ. ಆದರೂ ಆ ಕರವಸ್ತ್ರವನ್ನು ಎತ್ತಿಟ್ಟು ಕೂರುವ ಎದೆಗಾರಿಕೆ ಮೂರು ತಾಲೂಕಿನಲ್ಲಿ ಯಾರಿಗೂ ಇಲ್ಲ. ಸ್ವಾಧೀನಕ್ಕೆ ಬೇಕಾದದ್ದು ವಸ್ತುವಿನ ಮೇಲೆ ಹಿಡಿತ ಮತ್ತು ಇದು ನನ್ನದೆಂಬ ಮನಸ್ಸು ಎಂದು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ನಮ್ಮವರು ಅದನ್ನು ಒಂದು ಚೌಕ ಬಟ್ಟೆಯಲ್ಲಿ ಮುಗಿಸಿದ್ದಾರೆ.

ಹೀಗೇ ಒಂದು ದಿನ ದಾರಿಯ ಹಕ್ಕಿನ ಪಾಠ ಬಂತು. ಇನ್ನೊಬ್ಬರ ನೆಲದ ಮೇಲೆ ಇಪ್ಪತ್ತು ವರ್ಷ ರಾಜಾರೋಷವಾಗಿ, ತಂಟೆ ತಕರಾರಿಲ್ಲದೆ, ತನ್ನ ಹಕ್ಕೆಂಬಂತೆ ನಡೆದಾಡಿದರೆ ನಡೆದವನಿಗೆ ದಾರಿಯ ಹಕ್ಕು ಸಿಗುತ್ತದೆ. ಅಪ್ಪಣೆ ಕೇಳಿ ನಡೆದರೆ ನೂರು ವರ್ಷವಾದರೂ ಇಲ್ಲ. ಅದು ಬರೀ ಅನುಮತಿ. ಕೊಟ್ಟವರು ಬೇಕೆಂದಾಗ ಹಿಂದಕ್ಕೆ ಪಡೆಯಬಹುದು. ಇಷ್ಟನ್ನು ಹಲಗೆಯ ಮೇಲೆ ಬರೆಯುತ್ತಿದ್ದವನ ಕೈ ಅಲ್ಲೇ ನಿಂತಿತು. ನಾನು ದಿನಕ್ಕೆರಡು ಸಲ ಊರಿಗೆಲ್ಲ ಕೇಳುವಂತೆ ಕೂಗಿ ಕೂಗಿ ನನ್ನ ಹಕ್ಕಿನ ಕುತ್ತಿಗೆ ಹಿಸುಕುತ್ತಿದ್ದೆ. ನಾಚಿಕೆ ಬಿಟ್ಟವನಿಗೆ ಹಕ್ಕು, ಮರ್ಯಾದೆಯಿಂದ ಕೇಳಿದವನಿಗೆ ಚೊಂಬು. ಇದೆಂಥ ಕಾನೂನು ಮಾರಾಯರೇ ಅನ್ನಿಸಿತು. ಆದರೆ ಬರೆದದ್ದು ನಾನಲ್ಲವಲ್ಲ.

ಮರುದಿನದಿಂದ ಕೂಗುವುದನ್ನು ನಿಲ್ಲಿಸಿದೆ. ಚಪ್ಪಲಿ ಸದ್ದಾಗದಂತೆ ಬಿದಿರು ಸರಿಸಿ, ಮಲ್ಲಿಗೆ ಗಿಡಗಳ ಕಡೆ ಮುಖ ತಿರುಗಿಸಿ ದಾಟುತ್ತಿದ್ದೆ. ಹಕ್ಕು ಹುಟ್ಟಲು ರಾಜಾರೋಷವಾಗಿ ನಡೆಯಬೇಕೆಂದು ಹೇಳಿಕೊಡುವವನು ಕಳ್ಳನ ಹಾಗೆ ನಡೆದೆ. ವಾರವಾಗಿತ್ತೋ ಏನೋ, ಒಂದು ಸಂಜೆ ಸಾವಿತ್ರಿ ಕೇಳಿದಳು, "ನಿಂಗಕ್ಕೆ ಎಂತ ಆಜು? ಮಾದೇವಕ್ಕ ಬಂದು ಕಣ್ಣಲ್ಲಿ ನೀರು ತಂದ್ಕಂಡು ಹೋತು. ಕೋಳಿ ನಮ್ಮ ಹೂವಿನ ಗಿಡ ಕೆದರಿದ್ದಕ್ಕೆ ನಿಂಗಕ್ಕೆ ಸಿಟ್ಟು ಬಂಜು ಹೇಳಿ, ಎಲ್ಲಾ ಕೋಳಿನೂ ಬುಟ್ಟಿ ಅಡಿಗೆ ಮುಚ್ಚಿಟ್ಟಿದ್ದಡ."

ಅಂಗಳದಲ್ಲಿ ಆ ವಾರವೆಲ್ಲ ಕೋಳಿಗಳಿಲ್ಲದ್ದನ್ನು ನಾನು ನೋಡಿರಲೂ ಇಲ್ಲ. ಇಪ್ಪತ್ತು ವರ್ಷ ಕಳೆಯುವ ಅವಸರದಲ್ಲಿದ್ದೆ. ಮರುದಿನ ಬೆಳಿಗ್ಗೆ ದಣಪೆಯ ಹತ್ತಿರ ನಿಂತು ಗಂಟಲು ಬಿಟ್ಟು ಕೂಗಿದೆ. ಒಳಗಿಂದ "ಆತು, ದಾಟಿ" ಎಂದು ಬಂತು. ನಾನು ಬಸ್ಸು ಹತ್ತುವಷ್ಟರಲ್ಲಿ ಕೋಳಿಗಳಿಗೂ ಬಿಡುಗಡೆಯಾಗಿತ್ತಂತೆ.

ನ್ಯಾಯ ಎಂಬ ಮಾತಿಗೆ ನಮ್ಮಿಂದ ತೆಂಕಣಕ್ಕಿರುವ ಕರಾವಳಿಯವರು ಜಗಳ ಎಂಬ ಅರ್ಥವನ್ನೂ ಇಟ್ಟುಕೊಂಡಿದ್ದಾರೆ. "ಅವರ ಮನೇಲಿ ದಿನಾ ನ್ಯಾಯ" ಎಂದರೆ ಆ ಮನೆಯಲ್ಲಿ ದಿನಾ ಪಾತ್ರೆ ಹಾರುತ್ತದೆ ಎಂದರ್ಥ. ಕೋರ್ಟಿನ ಕಟ್ಟೆ ಹತ್ತಿದವರೇ ಈ ಅರ್ಥ ಹಚ್ಚಿರಬೇಕು. ಅಂಥ ನ್ಯಾಯ ನಮ್ಮ ದಣಪೆಯ ತನಕ ಬರುವ ಕಾಲವೂ ಬಂತು.

ಮಾದೇವಕ್ಕನ ಮಗ ಗಣಪತಿ ಮುರ್ಡೇಶ್ವರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಹೊಳೆ ನೋಡಲು ಬರುವ ಪ್ರವಾಸಿಗರಿಗೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ ಅವನದು. ಕೋಣೆಗಿಂತ ಮೊದಲು ಅಂಗಳದ ಸುತ್ತ ಪಾಗಾರದ ಗೋಡೆ. ಒಂದು ಮುಂಜಾನೆ ನೋಡಿದರೆ ದಣಪೆ ಕಿತ್ತಿದೆ, ಚಿರೆಕಲ್ಲಿನ ರಾಶಿ ಬಿದ್ದಿದೆ, ಗಾರೆಯವರ ದಾರ ರಸ್ತೆಯ ಉದ್ದಕ್ಕೂ, ನಮ್ಮ ದಾರಿಯ ಮೇಲೂ, ನೆಟ್ಟಗೆ ಎಳೆದಿದೆ. ಎಲ್ಲೂ ಬಾಗಿಲಿನ ಗುರುತಿಲ್ಲ. ಸಾವಿತ್ರಿ ಜಗಲಿಯ ಮೆಟ್ಟಿಲ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತ ಆ ದಾರವನ್ನೇ ನೋಡುತ್ತಿದ್ದಳು. "ಇನ್ನು ಆನು ಮನೇಲೇ ಇರ್ತೆ ತಗಳಿ" ಎಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಬಸ್ಸಿನಲ್ಲಿ ಕುಮಟಾ ಮುಟ್ಟುವ ತನಕ ಮನಸ್ಸಿನಲ್ಲೇ ದಾವೆ ಹೂಡಿದೆ. ವಾದಿಯೂ ನಾನೇ, ಪ್ರತಿವಾದಿಯ ವಕೀಲನೂ ನಾನೇ. ದಿನಾ ಅಪ್ಪಣೆ ಕೇಳುತ್ತಿದ್ದಿರಾ ಎಂದು ಪಾಟೀಸವಾಲು ಹಾಕಿದೆ. ಹೌದು ಸ್ವಾಮಿ ಎಂದೆ. ಸಾಕ್ಷಿ ಯಾರು? ಇಡೀ ಕೇರಿ. ಬಸ್ಸು ಇಳಿಯುವ ಹೊತ್ತಿಗೆ ಸೋತಿದ್ದೆ. ಅವತ್ತಿನ ಪಾಠ ಒಡೆತನ. ಒಡೆತನ ಎಂದರೆ ಬೇರೆಯವರನ್ನು ಹೊರಗಿಡುವ ಹಕ್ಕು ಎಂದು ಹೇಳಿಕೊಡುವಾಗ ನನ್ನ ದನಿ ನನಗೇ ಬೇರೆಯವರದಾಗಿ ಕೇಳಿತು. ಹುಷಾರಿಲ್ಲವಾ ಸರ್ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

ಸಂಜೆ ಬಂದರೆ ಪಾಯದ ಕಾಲುವೆ ತೋಡಿ ಮುಗಿದಿತ್ತು. ಅದರ ಮೇಲೊಂದು ಹಲಗೆ. ಆದರೂ ರೂಢಿ ಬಿಡಲಿಲ್ಲ, ಕೂಗಿದೆ. ಮಾದೇವಕ್ಕ ಬಾಗಿಲಿಗೇ ಬಂದರು. "ದಾಟಿ ಮಾಸ್ತರೆ. ಜಾಗ್ರತೆ, ಹಲಗೆ ಅಲ್ಲಾಡ್ತದೆ."

ದಾಟಿ ನಿಂತು ಕೇಳಿಯೇ ಬಿಟ್ಟೆ, "ಪಾಗಾರ ಎದ್ದ ಮೇಲೆ ನಾವು ಎಲ್ಲಿಂದ ಬರೂದು ಅಕ್ಕ?"

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಸಿಟ್ಟು ಬಂತು. "ಎಂತ ಮಾತಾಡ್ತ್ರಿ ನೀವು? ನಿಮ್ಮನ್ನ ಒಳಗೆ ಹಾಕಿ ಪಾಗಾರ ಕಟ್ಟೂಕೆ ನಂಗೆ ತಲೆ ಕೆಟ್ಟಿದ್ಯಾ? ಗಣಪತಿ ಸಣ್ಣ ಗೇಟು ಸಾಕು ಅಂದ. ನಾನೇ ಬಾಯಿ ಮಾಡ್ದೆ. ರಿಕ್ಷಾ ಒಳಗೆ ಬರೂವಷ್ಟು ಬಿಡು ಅಂದೆ. ಸಾವಿತ್ರಮ್ಮನ ಕಾಲು ನೋಡೂದಿಲ್ವಾ ನಾನು? ಅಲ್ಲಿ ಬಂದು ಕಾಣಿ."

ತೋರಿಸಿದರು. ಅಂಗಳದ ಆ ಮೂಲೆಯಲ್ಲಿ ಕಾಲುವೆ ತೋಡಿರಲಿಲ್ಲ. ಅಗಲವಾದ ಜಾಗ ಬಿಟ್ಟು, ಅಲ್ಲಿಂದ ನಮ್ಮ ಮನೆಯ ತನಕ ನೆಲ ಸಮ ಮಾಡಿಸಿದ್ದರು. ಅಲ್ಲಿ ಬೆಳಿಗ್ಗೆಯ ತನಕ ಮಲ್ಲಿಗೆ ಗಿಡಗಳಿದ್ದವು. ಅವರು ಕಟ್ಟಿದ ಮಲ್ಲಿಗೆ ದಂಡೆ ದಿನಾ ಭಟ್ಕಳದ ಬಸ್ಸಿಗೆ ಹೋಗುತ್ತದೆ, ಅವರ ಕೈಖರ್ಚು ಅದರಲ್ಲೇ. ಕಿತ್ತ ಗಿಡಗಳನ್ನು ಬಾವಿಕಟ್ಟೆಯ ಪಕ್ಕ ನೆಟ್ಟು ನೀರು ಹೊಯ್ದಿದ್ದರು. ಎಲೆಗಳು ಆಗಲೇ ಬಾಡಿದ್ದವು. "ಬದುಕ್ತಾವೋ ಇಲ್ವೋ" ಎಂದರು, ಅಷ್ಟೇ.

ನನ್ನ ಬಾಯಿಂದ ಹಾಳು ವಿದ್ಯೆಯೇ ಹೊರಟಿತು. ಒಂದು ಕಾಗದ ಮಾಡಿಬಿಡೋಣ ಅಕ್ಕ, ನಾಳೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತಕರಾರು ಬೇಡ, ದಾರಿಯ ಹಕ್ಕು ಬರೆದುಕೊಡಿ ಎಂದೆ.

"ಬರ್ದುಕೊಟ್ರೆ ನೀವು ಕೂಗೂದು ಬಿಡ್ತ್ರಿ" ಎಂದರು. "ಕೋಳಿ ಮುಚ್ಚಿಟ್ಟ ವಾರ ನೆನ್ಪಿದೆ ನಂಗೆ. ಕಾಗದ ಬ್ಯಾಡ ಮಾಸ್ತರೆ."

ಹಕ್ಕು ಇರುವಲ್ಲಿ ಎದುರಿಗೆ ಒಂದು ಕರ್ತವ್ಯ ಇರಲೇಬೇಕು ಎಂದು ನಾನು ಪ್ರತಿ ವರ್ಷ ಹೇಳಿಕೊಡುತ್ತೇನೆ. ಈಗಲೂ ಹೇಳುತ್ತೇನೆ, ಪರೀಕ್ಷೆಗೆ ಬರುತ್ತದೆ. ಆದರೆ ನನಗೆ ಹಕ್ಕಿಲ್ಲ, ಮಾದೇವಕ್ಕನಿಗೆ ಕರ್ತವ್ಯವಿಲ್ಲ, ಮಲ್ಲಿಗೆ ಗಿಡ ಮಾತ್ರ ಕಿತ್ತು ಹೋಯಿತು. ಇದಕ್ಕೆ ನನ್ನ ಪುಸ್ತಕಗಳಲ್ಲಿ ಹೆಸರಿಲ್ಲ. ಹಕ್ಕಾಗಿ ಸಿಕ್ಕಿದ್ದರೆ ನಾನು ಅದನ್ನು ಉಣ್ಣುತ್ತಿದ್ದೆ, ಕೈ ತೊಳೆಯುತ್ತಿದ್ದೆ, ಮರೆಯುತ್ತಿದ್ದೆ. ಈಗ ಮರೆಯುವ ಹಾಗಿಲ್ಲ.

ಪಾಗಾರ ಮುಗಿದ ಮೇಲೆ ಮೊದಲ ಸಲ ರಿಕ್ಷಾ ನಮ್ಮ ಮೆಟ್ಟಿಲ ತನಕ ಬಂತು. ಸಾವಿತ್ರಿ ದವಾಖಾನೆಯಿಂದ ಬಂದು, ಯಾರ ಭುಜವನ್ನೂ ಹಿಡಿಯದೆ ಇಳಿದು ಒಳಗೆ ಹೋದಳು. ನಾನು ಅಂಗಳದಲ್ಲೇ ನಿಂತೆ. ನೆರೆಮನೆಯವರಿಗೆ ಧನ್ಯವಾದ ಎನ್ನುವ ರೂಢಿ ನಮ್ಮಲ್ಲಿಲ್ಲ. ಹಾಗಂದರೆ ಅವರನ್ನು ಪರಕೀಯರನ್ನಾಗಿ ಮಾಡಿದ ಹಾಗೆ. ಬೇರೆ ಮಾತು ತೋಚದೆ ಮಾದೇವಕ್ಕನ ಮನೆಯ ಕಡೆ ತಿರುಗಿ ಕೂಗಿದೆ, "ದಾಟ್ತೆ ಮಾದೇವಕ್ಕಾ."

ಅವರು ಹೂವಿನ ದಾರ ಕೈಯಲ್ಲಿ ಹಿಡಿದೇ ಹೊರಗೆ ಬಂದರು. "ಈಗ ಬಂದ್ರಲ್ಲಾ. ಮತ್ತೆ ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ."

ಅವರು ನನ್ನನ್ನೊಮ್ಮೆ ನೋಡಿದರು, ರಿಕ್ಷಾದ ಗಾಲಿಯ ಗುರುತನ್ನೊಮ್ಮೆ ನೋಡಿದರು.

"ಆತು. ಹಂಗಾರೆ ಕೂತ್ಕಳಿ, ಚಾ ಮಾಡ್ತೆ."