ಅತ್ತೆ ಸಹಿ ಹಾಕದ ಪತ್ರ

ಆ ಭಾನುವಾರ ಬೆಳಿಗ್ಗೆ ಮುಂಬಯಿಯ ಕುರ್ಲಾದಲ್ಲಿ, ನಮ್ಮ ಚಾಳಿನ ಒಂದೇ ಖೋಲಿಯ ಮನೆಯಲ್ಲಿ ಐದು ಜನರಿದ್ದೆವು. ಇದ್ದೊಂದು ಕುರ್ಚಿಯ ಮೇಲೆ ಅತಿಥಿ, ಎದುರಿನ ಟ್ರಂಕಿನ ಮೇಲೆ ಅಪ್ಪ, ಒಲೆಯ ಬಳಿ ಅಜ್ಜಿ, ಬಾಗಿಲಿಗೆ ಒರಗಿ ಅತ್ತೆ, ಮೂಲೆಯಲ್ಲಿ ಅಕ್ಕಿ ಆರಿಸುತ್ತ ಹತ್ತು ವರ್ಷದ ನಾನು. ಐವತ್ತರ ದಶಕದ ಕೊನೆ ಅದು. ಅತ್ತೆ ಅಂದರೆ ಅಪ್ಪನ ತಂಗಿ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದು ಹನ್ನೊಂದು ವರ್ಷದಿಂದ ಕುರ್ಲಾದ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆಯಾಗಿರಲಿಲ್ಲ, ಆ ಮಾತೆತ್ತುವುದನ್ನು ಅಜ್ಜಿ ಕೂಡ ಬಿಟ್ಟಾಗಿತ್ತು. ಅತಿಥಿ ಅದೇ ಶಾಲೆಯ ಮಾಸ್ತರರು, ಉಡುಪಿ ಕಡೆಯವರು, ಅತ್ತೆಗಿಂತ ಎರಡು ವರ್ಷ ತಡವಾಗಿ ಸೇರಿದವರು.

ಶಾಲೆಯ ಹೆಡ್ ಮಾಸ್ತರರು ನಿವೃತ್ತರಾಗುವವರಿದ್ದರು. ಮುಂದಿನ ಸರದಿ ಅತ್ತೆಯದು, ಅವಳ ನಂತರ ಈ ಮಾಸ್ತರರದು. ಆದರೆ ಶಾಲೆಯನ್ನು ನಡೆಸುತ್ತಿದ್ದ ಮಂಡಳಿಯ ಎಲ್ಲ ಶಾಲೆಗಳಲ್ಲೂ ಒಂದು ರೂಢಿಯಿತ್ತು. ಸರದಿ ಹೆಂಗಸಿನದಾದರೆ ಆಕೆ 'ನನಗೆ ಈ ಹುದ್ದೆಯ ಅಪೇಕ್ಷೆ ಇಲ್ಲ' ಎಂದು ಬರೆದುಕೊಡುವುದು, ಮಂಡಳಿಯವರು ಆಕೆಯ ದೊಡ್ಡ ಮನಸ್ಸನ್ನು ಮೆಚ್ಚಿ ಮುಂದಿನ ಗಂಡಸನ್ನು ಹೆಡ್ ಮಾಸ್ತರ ಮಾಡುವುದು. ಯಾರೂ ಬಲವಂತ ಮಾಡುತ್ತಿರಲಿಲ್ಲ. ಬರೆಯದೆ ಉಳಿದವರೂ ಇರಲಿಲ್ಲ.

ಮಾಸ್ತರರು ಅತ್ತೆಗೆ ಅಷ್ಟು ಶ್ರಮವನ್ನೂ ಕೊಟ್ಟಿರಲಿಲ್ಲ. ಪತ್ರವನ್ನು ತಾವೇ ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಿದ್ದರು. ಜೊತೆಗೆ ಬಾಳೆಹಣ್ಣಿನ ಹಲ್ವ.

“ಒಂದು ಸಹಿ ಹಾಕಿದ್ರೆ ಆಯ್ತು ಟೀಚರೇ. ಆ ಇನ್ಸ್‌ಪೆಕ್ಟರು, ರಿಜಿಸ್ಟರು, ಅದೆಲ್ಲ ತಲೆಬಿಸಿ ನಿಮಗೆ ಯಾಕೆ ಮಾರಾಯ್ರೆ?”

“ಖರೇ ಅದ,” ಎಂದ ಅಪ್ಪ. “ಸಹಿ ಮಾಡಿ ಕೊಡವಾ.”

ಅಜ್ಜಿ ಹಲ್ವದ ಚೂರು ಬಾಯಿಗೆ ಹಾಕಿಕೊಂಡಳು. “ಭಾಳ ಛಲೋ ಆಗ್ಯದ ಮಾಸ್ತರ. ಹೆಡ್ ಮಾಸ್ತರ ಆದ ಮ್ಯಾಲೂ ತರ್ತೀರೋ, ಇದಽ ಕಡೀದೋ?”

ಮಾಸ್ತರರು ನಕ್ಕರು. ಅತ್ತೆ ಪತ್ರವನ್ನು ಎರಡು ಸಲ ಓದಿದಳು.

“ಅಪೇಕ್ಷಾ ಇಲ್ಲ ಅಂತ ಬರದೀರಿ ಸರ್.”

“ಹೌದು. ಎಲ್ಲರೂ ಹಾಗೇ ಬರೆಯೋದು.”

“ನನಗ ಅದ.”

ಅಪ್ಪ ತಲೆಯೆತ್ತಿದ. ಅತ್ತೆ ನಿಲ್ಲಿಸಲಿಲ್ಲ. “ನಾಲ್ಕನೇ ಕ್ಲಾಸು ಮುಗದ ಕೂಡ್ಲೆ ಹುಡುಗ್ಯಾರನ್ನ ಸಾಲಿ ಬಿಡಸ್ತಾರ. ಮನಿ ಮನಿಗೆ ಹೋಗಿ ಕಳಸ್ರಿ ಅಂತ ಕೇಳ್ತೀನಿ ಅಂದ್ರ ಹೆಡ್ ಮಾಸ್ತರು ಒಪ್ಪಂಗಿಲ್ಲ. ನನಗ ಆ ಕುರ್ಚಿ ಬೇಕು. ಅದೂ ಅಲ್ಲದ, ನಾ ಸಾಲಿ ಛಲೋ ನಡಸ್ತೀನಿ.”

“ಹೆಣ್ಣುಮಗಳು ಹಿಂಗ ಬಾಯಿಬಿಟ್ಟು ಬೇಕು ಅಂತಾಳೇನು?” ಅಪ್ಪನಿಗೆ ಸಿಟ್ಟು ಬಂದಿತ್ತು.

“ಬ್ಯಾಡ ಅಂತ ಬರದು ಕೊಡಬಹುದು, ಬೇಕು ಅನ್ನಬಾರದೇನಣ್ಣಾ?”

ಪತ್ರವನ್ನು ಮಡಚಿ ವಾಪಸು ಕೊಟ್ಟಳು. ಮಾಸ್ತರರು ಮೆಲ್ಲಗೆ, “ನನಗೆ ನಾಲ್ಕು ಮಕ್ಕಳು ಟೀಚರೇ,” ಎಂದರು.

“ಗೊತ್ತದ ಸರ್. ಮೂರು ನನ್ನ ಕ್ಲಾಸಿನ್ಯಾಗಽ ಕಲತಾವ.”

ಅವರು ಅರ್ಧ ಚಹಾ ಬಿಟ್ಟು ಎದ್ದರು. ಅತ್ತೆ ಸೋಮವಾರವೇ ತನಗೆ ಹುದ್ದೆ ಬೇಕೆಂದು ಅರ್ಜಿ ಹಾಕಿದಳು. ಅಪ್ಪ ಅವಳ ಜೊತೆ ಮಾತು ಬಿಟ್ಟ. ಏನಾದರೂ ಹೇಳಬೇಕಾದರೆ ನನ್ನ ಮೂಲಕ ಹೇಳಿಸುತ್ತಿದ್ದ.

ಜೂನ್‌ನಲ್ಲಿ ಆದೇಶ ಬಂತು. ಕುರ್ಲಾ ಶಾಲೆ ಮಾಸ್ತರರಿಗೆ. ಅತ್ತೆಯೂ ಮುಖ್ಯಾಧ್ಯಾಪಕಿ, ಆದರೆ ಮಂಡಳಿಯ ದಹಿಸರ್ ಶಾಲೆಗೆ, ಎರಡೇ ಕೋಣೆಯದು. ದಾದರಿನಲ್ಲಿ ಒಮ್ಮೆ, ಬೋರಿವಲಿಯಲ್ಲಿ ಇನ್ನೊಮ್ಮೆ ಗಾಡಿ ಬದಲಿಸಬೇಕು. ಅಷ್ಟು ದೂರ ಹಾಕಿದರೆ ತಾನಾಗಿ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದರೋ ಏನೋ. ಅತ್ತೆ ಅದೇ ದಿನ ಒಪ್ಪಿಗೆ ಬರೆದು ಕಳಿಸಿದಳು.

ಮೊದಲ ದಿನ ಅಪ್ಪ ದಾದರಿನವರೆಗೆ ಹೋಗಿ ಅವಳನ್ನು ರೈಲಿನ ಹೆಂಗಸರ ಡಬ್ಬಿಗೆ ಹತ್ತಿಸಿ ಬಂದ. ಎರಡನೇ ದಿನದಿಂದ ಅವಳೊಬ್ಬಳೇ ಹೋದಳು.