ಬಾಲ ಕತ್ತರಿಸಿದ ಷೇರು

ಜಿಪುಣತನಕ್ಕೆ ಹೆಸರಾದ ಗಾಬ್ರೊವೊ ಊರಿನವರು ಬೆಕ್ಕಿನ ಬಾಲ ಕತ್ತರಿಸುತ್ತಾರಂತೆ. ಬೆಕ್ಕು ಒಳಗೆ ಬಂದ ಕೂಡಲೇ ಬಾಗಿಲು ಮುಚ್ಚಬಹುದು, ಒಲೆಯ ಬಿಸಿ ಉಳಿಯುತ್ತದೆ. ಬಲ್ಗೇರಿಯದಲ್ಲೆಲ್ಲ ಹೇಳುವ ಈ ನಗೆಮಾತನ್ನು ಅದೇ ಊರಿನ ನೆವೆನಾ ಐವತ್ತೆಂಟು ವರ್ಷಗಳಿಂದ ಕೇಳುತ್ತಿದ್ದಳು. ಆ ಶುಕ್ರವಾರ ಸಂಜೆ ಅದು ಅವಳಿಗೆ ನಗು ತರಿಸಲಿಲ್ಲ.

ಉಣ್ಣೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಣ್ಣದ ಪುಡಿ ತೂಗುವುದು ಅವಳ ಕೆಲಸ. ಬೇಕಾದಷ್ಟೇ ತೂಗಬೇಕು, ಒಂದು ಕಣವೂ ಹೆಚ್ಚಾಗಬಾರದು. ಐದೂವರೆ ವರ್ಷದಿಂದ ತಿಂಗಳಿಗೆ ಹತ್ತು ಯೂರೋದಂತೆ ಒಂದು ಅಮೆರಿಕನ್ ಕಂಪನಿಯ ಷೇರನ್ನು ಅವಳು ಚೂರು ಚೂರಾಗಿ ಕೊಂಡಿದ್ದಳು. ಇಡೀ ಷೇರು ಕೊಳ್ಳಲು ಸಂಬಳ ಸಾಲದು. ಚೂರಾದರೆ ಯಾರ ಕೈಗೂ ಎಟುಕುತ್ತದೆ. ಈಗ ಅವಳ ಬಳಿ ಇದ್ದದ್ದು ಒಂದು ಷೇರಿನ ನೂರರಲ್ಲಿ ತೊಂಬತ್ತನಾಲ್ಕು ಪಾಲು.

ಎರಡು ವಾರದ ಹಿಂದೆ, ಅವಳಿಗೆ ಷೇರು ಕೊಡಿಸುತ್ತಿದ್ದ ದಲ್ಲಾಳಿ ಕಂಪನಿಯ ಪತ್ರ ಬಂದಿತ್ತು: ಈ ದೇಶದಲ್ಲಿ ವ್ಯವಹಾರ ಮುಚ್ಚುತ್ತಿದ್ದೇವೆ, ಶುಕ್ರವಾರ ಸಂಜೆ ಆರಕ್ಕೆ ಇಡಿಯಾಗಿರುವ ಷೇರುಗಳು ನೀವು ಹೇಳಿದ ಬೇರೆ ದಲ್ಲಾಳಿಗೆ ಹೋಗುತ್ತವೆ, ಚೂರುಗಳು ಹೋಗವು, ಅಂದಿನ ಬೆಲೆಗೇ ಮಾರುತ್ತೇವೆ. ಬೆಲೆಯೋ ಪಾತಾಳ ಕಂಡಿತ್ತು. ಮಾರಿಹೋದರೆ ಹಾಕಿದ ಹಣದಲ್ಲಿ ಏಳರಲ್ಲೊಂದು ಪಾಲು ನೀರುಪಾಲು. ಷೇರು ಇಡಿಯಾಗಲು ಉಳಿದ ಆರು ಪಾಲು ಕೊಂಡರೆ ಸಾಕಿತ್ತು. ಆದರೆ ಇನ್ನೂ ಇಳಿಯಲಿ, ಎರಡು ಯೂರೋ ಉಳಿಯುತ್ತದೆ ಎಂದು ಅವಳು ಕೊನೆಯ ದಿನದವರೆಗೂ ಕಾದಳು.

"ಇನ್ನೂ ಕಾಯ್ತಿದೀಯೇನೇ?" ಎದುರಿಗೆ ಹುರುಳಿಕಾಯಿ ನಾರು ಬಿಡಿಸುತ್ತಿದ್ದ ತಾಯಿ ರಾಡ್ಕಾ ಕೇಳಿದಳು. "ತೊಂಬತ್ತಾರರಲ್ಲಿ ಸರ್ಕಾರ ನಂಗೂ ಷೇರಿನ ಪುಸ್ತಕ ಕೊಟ್ಟಿತ್ತು. ಎಲ್ಲಿದೆ ಗೊತ್ತಲ್ಲ?"

ಅದು ಮೇಜಿನ ಕುಂಟು ಕಾಲಿನ ಕೆಳಗಿತ್ತು.

"ಸುಮ್ನಿರಮ್ಮ. ಬೆಲೆ ಆರುನೂರು. ಆರು ಪಾಲಿಗೆ ಮೂವತ್ತಾರು ಯೂರೋ."

ಮನೆಗೆ ಬರುವ ದಾರಿಯಲ್ಲೇ ದಲ್ಲಾಳಿಯ ಖಾತೆಗೆ ಸರಿಯಾಗಿ ಮೂವತ್ತಾರೇ ಹಾಕಿದ್ದಳು. ಗಡಿಯಾರ ಐದು ಐವತ್ತು. ಒತ್ತಿದಳು. ಪರದೆಯಲ್ಲಿ ಮೂಡಿತು: 0.9997.

ಯೂರೋವನ್ನು ಡಾಲರಿಗೆ ಬದಲಿಸುವ ಶುಲ್ಕ ಹದಿನೆಂಟು ಸೆಂಟನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹತ್ತು ಸಾವಿರದಲ್ಲಿ ಮೂರು ಪಾಲು ಕಡಿಮೆ. ಒಂದಾಗದಿದ್ದರೆ ಅದೂ ಚೂರೇ.

"ಏನಾಯ್ತೇ?"

"ಸಾಲ್ಲಿಲ್ಲ! ಇನ್ನೊಂದು ಯೂರೋ ಹಾಕ್ಬೇಕು, ಅದಕ್ಕಿಂತ ಕಡಿಮೆ ತಗೊಳಲ್ಲ. ಕಾರ್ಡು ಕೋಟಿನ ಜೇಬಲ್ಲಿದೆ, ತಗೊಂಬಾ!"

"ಅಯ್ಯೋ ಗಾಬ್ರೊವೊದವಳೇ! ಮೂವತ್ತೇಳು ಹಾಕಿದ್ರೆ ಕೈ ಬಿದ್ದೋಗ್ತಿತ್ತಾ?" ಬೈಯುತ್ತಲೇ ರಾಡ್ಕಾ ಎದ್ದು ಓಡಿದಳು. ಎಂಬತ್ತೊಂದರ ಓಟ. ಕನ್ನಡಕ ಮೂಗಿಗೇರಿಸಿ ಅಂಕಿ ಓದತೊಡಗಿದಳು. "ಐದು... ಮೂರು... ಇದು ಒಂದೋ ಏಳೋ?"

"ಸರಿಯಾಗ್ ನೋಡಮ್ಮ!"

"ನೋಡ್ತಿದೀನಲ್ಲೇ, ಕೂಗ್ಬೇಡ. ಏಳು. ಅಲ್ಲ ಅಲ್ಲ, ಒಂದು!"

ಐದು ಐವತ್ತಾರು. ಬ್ಯಾಂಕ್ ಫೋನಿಗೆ ಗುಟ್ಟಿನ ಸಂಖ್ಯೆ ಕಳಿಸಿತು. ನೆವೆನಾ ತಪ್ಪು ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ಐವತ್ತೆಂಟು. ಯೂರೋ ಖಾತೆಗೆ ಬಂತು, ಒತ್ತಿದಳು. ಕೊಳ್ಳುವ ಗುಂಡಿಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು.

1.0013.

ಆರು ಹೊಡೆಯಿತು. ಪರದೆಯಲ್ಲಿ ಎರಡು ಸಾಲು ಮೂಡಿದವು: ಒಂದು ಷೇರು ವರ್ಗಾವಣೆಗೆ ಹೋಗಿದೆ, 0.0013 ಮಾರಾಟವಾಗಿದೆ, ಎಪ್ಪತ್ತೆಂಟು ಸೆಂಟ್.

"ಬಾಲ ಕತ್ತರಿಸಿಬಿಟ್ರು," ಎಂದಳು ರಾಡ್ಕಾ, ಕುರ್ಚಿಗೆ ಕುಸಿಯುತ್ತಾ. "ಬೆಕ್ಕಂತೂ ಒಳಗೆ ಬಂತಲ್ಲ?"

"ಬಂತು. ಇನ್ಮೇಲೆ ಕಂಪನಿ ಸಭೇಲಿ ನಂದೂ ಒಂದು ಓಟು. ಚೂರಿಗೆ ಅದಿರ್ಲಿಲ್ಲ."

"ಯಾರಿಗಾದ್ರೂ ಹಾಕು. ಶುಲ್ಕ ಎಷ್ಟು ಅಂತ ಮೊದಲು ಕೇಳು," ಎಂದು ರಾಡ್ಕಾ ಕಾರ್ಡನ್ನು ಏಪ್ರನ್ನಿಗೆ ಒರೆಸಿ ಮಗಳ ಮುಂದಿಟ್ಟಳು.