ತಂಗಿಯೊಡನೆ ಮೂಡಬಿದಿರೆಯ ಬಸದಿಗೆ

ಬಂಟ್ವಾಳದಿಂದ ಬೆಳಿಗ್ಗೆ ಹೊರಟೆವು, ನಾನು ಮತ್ತು ತಂಗಿ ಸುಗುಣ. ಸಿದ್ದಕಟ್ಟೆ ದಾಟುವ ತನಕ ಮಳೆ. ಅವಳ ಕಾಯಿಲೆಗೆ ಇನ್ನು ಔಷಧಿಯಿಂದ ಪ್ರಯೋಜನವಿಲ್ಲವೆಂದು ಡಾಕ್ಟರು ಈಚೆಗಷ್ಟೇ ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು. ಆದರೂ ಮೂಡಬಿದಿರೆಯ ಬಸದಿಗಳನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಳು.

ನಾನು ಹಳೆಯ ಗ್ರಂಥಗಳನ್ನು ಅಷ್ಟಿಷ್ಟು ಓದಿಕೊಂಡವನು. ದೇಹ ನೀರ ಮೇಲಿನ ಗುಳ್ಳೆ, ಹುಟ್ಟಿದ್ದೆಲ್ಲ ಹೋಗುವುದೇ, ಜ್ಞಾನಿಗಳು ಇದಕ್ಕೆ ಅಳಲಿಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿದೆ. ಅವಳು ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಮೂಡಬಿದಿರೆಯಲ್ಲಿ ಮಳೆ ಬಿಟ್ಟಿತ್ತು. ಸಾವಿರ ಕಂಬದ ಬಸದಿಯಲ್ಲಿ ಸುಗುಣ ಕಂಬಗಳ ಮೇಲೆ ಕೈಯಾಡಿಸುತ್ತ ನಿಧಾನವಾಗಿ ನಡೆದಳು. ಒಂದರ ಹಾಗೆ ಇನ್ನೊಂದಿಲ್ಲವೆಂದು ನನ್ನನ್ನು ಕರೆಕರೆದು ತೋರಿಸಿದಳು. ಆಮೇಲೆ ಹತ್ತಿರದ ಸಣ್ಣ ಬಸದಿಯೊಂದಕ್ಕೆ ಹೋದೆವು. ಅಲ್ಲಿನ ಅರ್ಚಕರು, ಊರವರು ಇಂದ್ರರು ಎನ್ನುತ್ತಾರೆ, ಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ವಯಸ್ಸಾದವರು. ಅವಳ ಮುಖ ನೋಡಿ, "ಹುಷಾರಿಲ್ವಾ ಅಮ್ಮ?" ಎಂದರು.

"ಹೆಚ್ಚು ದಿನ ಇಲ್ಲವಂತೆ," ಎಂದಳು ಸುಗುಣ. "ಎಲ್ಲ ಅನಿತ್ಯ ಅಂತ ನಿಮ್ಮ ಶಾಸ್ತ್ರದಲ್ಲಿ ಉಂಟಂತೆ. ಅಳಬಾರದು ಅಂತಾನೆ ಅಣ್ಣ. ಹೌದಾ?"

"ಅನಿತ್ಯ ಅಂತ ಉಂಟು. ನಾವು ಮನನ ಮಾಡುವ ಹನ್ನೆರಡು ಭಾವನೆಗಳಲ್ಲಿ ಅದೇ ಮೊದಲನೆಯದು. ದಿನಾ ಹೇಳ್ತೇನೆ. ಮಗ ತೀರಿದ ದಿನವೂ ಹೇಳಿದೆ. ಅಳ್ತಾ ಹೇಳಿದೆ." ಇಂದ್ರರು ಅವಳ ಕಡೆ ತಿರುಗಿ ಕೂತರು. "ಹೋಗ್ತದೆ ಅಂತ ನೆನಪಿದ್ರೆ, ಎದುರಿಗೆ ಇರುವಾಗ ಸರಿಯಾಗಿ ನೋಡ್ತೇವೆ. ಅದಕ್ಕೇ ದಿನಾ ಹೇಳುವುದು. ನಾನು ಬರೀ ಹೇಳಿದೆ, ಮಗ ಇರುವಾಗ ಅವನನ್ನು ನೋಡ್ಲಿಲ್ಲ."

ಹೊರಗೆ ಬಂದವಳೇ ಸುಗುಣ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅಣ್ಣ, ನನಗೆ ಹೆದರಿಕೆ ಆಗ್ತದೆ. ನಿನಗೆ ಬೇಜಾರಿಲ್ವಾ? ಒಮ್ಮೆಯಾದ್ರೂ ಹೇಳು ಮಾರಾಯ."

ಓದಿದ್ದೊಂದೂ ಬಾಯಿಗೆ ಬರಲಿಲ್ಲ. "ನೀನಿಲ್ಲದೆ ನನ್ನಿಂದ ಆಗ್ಲಿಕ್ಕಿಲ್ಲ," ಎಂದೆ. ಹೋಗಿಬರುವವರು ನೋಡುತ್ತಿದ್ದರು. ಇಬ್ಬರೂ ಅಲ್ಲೇ ಕೂತು ಅತ್ತೆವು.

ಕಣ್ಣೊರೆಸಿಕೊಂಡು ಅವಳೇ, "ಏನಾದ್ರೂ ತಿನ್ನುವ," ಎಂದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಿಸಿ ಬನ್ಸ್ ಇತ್ತು. ಅರ್ಧ ತಿಂದು, ಉಳಿದರ್ಧವನ್ನು ನನ್ನ ತಟ್ಟೆಗೆ ಹಾಕಿದಳು.

ಬೆಳ್ತಂಗಡಿ ಕಡೆಯ ವೇಣೂರಿಗೆ ಹೋಗಿ ಗೊಮ್ಮಟನನ್ನೂ ನೋಡುವ ಯೋಚನೆಯಿತ್ತು. ಆಯಾಸವಾಗುತ್ತದೆ, ಮನೆಗೆ ಹೋಗುವ ಎಂದಳು. ಮುಂದಿನ ಸಲ ನೋಡುವ ಎನ್ನಲು ಹೊರಟವನು ಸುಮ್ಮನಾದೆ.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೇ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಹಿಂದಿರುಗುವ ದಾರಿ ಹೇಗಿತ್ತೆಂದು ನಾನು ಬರೆಯಲಾರೆ. ಬಂಟ್ವಾಳ ಬರುವ ತನಕ ಅವಳನ್ನೇ ನೋಡುತ್ತಿದ್ದೆ.